ಮೆದು ಕಲ್ಲನ್ನು ಟಂಬ್ಲರಿಗೆ ಹಾಕಬಹುದಾ?

ಕಲ್ಲು ಉರುಳಿಸಿ ಪಾಲಿಶ್ ಮಾಡುವ ಹುಚ್ಚು ನನಗಿದೆ ಎಂದು ತಿಳಿದವರು ಮೊದಲು ನಗುತ್ತಾರೆ. ಆಮೇಲೆ ತಾವೂ ಒಂದು ಟಂಬ್ಲರ್, ಅಂದರೆ ಕಲ್ಲು, ನೀರು, ಉಜ್ಜುವ ಪುಡಿ ತುಂಬಿದ ಬ್ಯಾರೆಲ್ಲನ್ನು ದಿನಗಟ್ಟಲೆ ತಿರುಗಿಸುವ ಮೆಷಿನ್ನು, ಕೊಳ್ಳುತ್ತಾರೆ. ಸ್ವಲ್ಪ ಕಾಲ ಕಳೆದ ಮೇಲೆ ಹೆಚ್ಚುಕಡಿಮೆ ಎಲ್ಲರೂ ಒಂದೇ ಪ್ರಶ್ನೆ ಹೊತ್ತು ಬರುತ್ತಾರೆ: "ಅಗೇಟು, ಜಾಸ್ಪರು ಫಳಫಳ ಹೊಳೆಯುತ್ತಾ ಬಂದವು. ಅದೇ ಮೆಷಿನ್ನು, ಅದೇ ಪುಡಿ, ಅಷ್ಟೇ ದಿನ. ಫ್ಲೋರೈಟ್ ಮಾತ್ರ ಚೂರುಚೂರು, ಅಮೃತಶಿಲೆ ಮಂಕು. ಮೆದು ಕಲ್ಲಿಗೆ ಹೊಳಪು ಬರೋದೇ ಇಲ್ವಾ?"

ಬರುತ್ತದೆ. ಎಡವಟ್ಟಾಗಿದ್ದು ಎಲ್ಲಿ ಎಂದು ಅವರೇ ಹೇಳಿಬಿಟ್ಟಿರುತ್ತಾರೆ: ಅದೇ ಪುಡಿ, ಅಷ್ಟೇ ದಿನ. ಟಂಬ್ಲರ್ ಜೊತೆ ಬರುವ ಕೈಪಿಡಿ ಅಗೇಟು, ಜಾಸ್ಪರಿನಂಥ ಗಟ್ಟಿ ಬೆಣಚುಕಲ್ಲಿನ ಜಾತಿಯವಕ್ಕೆ ಬರೆದದ್ದು. ದಪ್ಪ ಗ್ರಿಟ್ಟಿನಲ್ಲಿ, ಅಂದರೆ ಉಜ್ಜುವ ಪುಡಿಯಲ್ಲಿ, ಒಂದು ವಾರ, ಮಧ್ಯಮದಲ್ಲಿ ಒಂದು ವಾರ, ಆಮೇಲೆ ನಯ, ಕೊನೆಗೆ ಪಾಲಿಶ್. ಮೆದು ಕಲ್ಲನ್ನು ಇದೇ ಹಾದಿಯಲ್ಲಿ ನಡೆಸಿದರೆ ಅರ್ಧ ಕಲ್ಲು ಕೆಸರಾಗುತ್ತದೆ, ಉಳಿದರ್ಧದ ಮೈತುಂಬ ಏಟಿನ ಗುರುತು.

ಗಡಸುತನದ ವಿಷಯ ಮೊದಲು. 1812ರಲ್ಲಿ ಫ್ರೆಡ್ರಿಕ್ ಮೋಸ್ ಮಾಡಿಟ್ಟ ಒಂದರಿಂದ ಹತ್ತರ ಪಟ್ಟಿಯನ್ನೇ ನಾವೆಲ್ಲ ಈಗಲೂ ಬಳಸುತ್ತೇವೆ. ಟಾಲ್ಕ್ 1, ಜಿಪ್ಸಂ 2, ಅಮೃತಶಿಲೆಯ ಮುಖ್ಯ ಖನಿಜವಾದ ಕ್ಯಾಲ್ಸೈಟ್ 3, ಫ್ಲೋರೈಟ್ 4, ಅಪಟೈಟ್ 5, ಬೆಣಚು 7. ಯಾವುದು ಯಾವುದನ್ನು ಗೀರುತ್ತದೆ ಎಂಬುದಷ್ಟೇ ಈ ಪಟ್ಟಿಯ ಲೆಕ್ಕ, ಹಾಗಾಗಿ ಮೂರಕ್ಕೂ ಏಳಕ್ಕೂ ನಡುವಿನ ಅಂತರ ನಿಜವಾಗಿ ಎಷ್ಟು ಎಂದು ಅದರಿಂದ ಗೊತ್ತಾಗುವುದಿಲ್ಲ. ವಜ್ರದ ಮೊನೆಯನ್ನು ಒತ್ತಿ ಅಳೆಯುವ ನೂಪ್ ಮಾಪನದಲ್ಲಿ ಕ್ಯಾಲ್ಸೈಟ್ 135ರ ಆಸುಪಾಸು, ಬೆಣಚು 820ರ ಆಸುಪಾಸು. ಆರು ಪಟ್ಟು! ಅಗೇಟಿಗೆ ಒಂದು ವಾರ ಹಿಡಿಯುವ ಸವೆತ ಕ್ಯಾಲ್ಸೈಟಿಗೆ ಒಂದು ದಿನದಲ್ಲಿ ಮುಗಿದರೆ ಅಚ್ಚರಿಯೇನಿಲ್ಲ. ಇವೆರಡನ್ನೂ ಒಂದೇ ಬ್ಯಾರೆಲ್ಲಿಗೆ ಹಾಕುವವರಿದ್ದಾರೆ. ಅಗೇಟ್ ಚೆನ್ನಾಗಿಯೇ ಬರುತ್ತದೆ. ಕ್ಯಾಲ್ಸೈಟನ್ನು ಕೆಸರಿನಲ್ಲಿ ಹುಡುಕಬೇಕಾಗುತ್ತದೆ.

ಆದರೂ ಮೆದುತನ ಅರ್ಧ ಸಮಸ್ಯೆ ಮಾತ್ರ. ಇನ್ನರ್ಧ, ನನ್ನ ಪ್ರಕಾರ ದೊಡ್ಡ ಅರ್ಧ, ಸೀಳು. ಕ್ಯಾಲ್ಸೈಟಿನೊಳಗೆ ಮೂರು ದಿಕ್ಕಿನಲ್ಲಿ ನಯವಾಗಿ ಬಿಟ್ಟುಕೊಳ್ಳುವ ಪದರಗಳಿವೆ. ಫ್ಲೋರೈಟಿನಲ್ಲಿ ನಾಲ್ಕು ದಿಕ್ಕು. ತಿರುಗುವ ಬ್ಯಾರೆಲ್ಲಿನಲ್ಲಿ ಕಲ್ಲು ಮೇಲಕ್ಕೆ ಹೋಗಿ ಇನ್ನೊಂದು ಕಲ್ಲಿನ ಮೇಲೆ ಬಿದ್ದಾಗಲೆಲ್ಲ ಆ ಪದರಗಳ ಉದ್ದಕ್ಕೂ ಕೂದಲೆಳೆಯಷ್ಟು ಬಿರುಕು ಮೂಡುತ್ತದೆ. ಗ್ರಿಟ್ ಮೇಲ್ಮೈಯನ್ನು ನುಣುಪು ಮಾಡುತ್ತಿರುವಾಗಲೇ ಏಟು ಅದನ್ನು ಒಳಗಿನಿಂದ ಒಡೆಯುತ್ತಿರುತ್ತದೆ. ನುಣ್ಣಗೆ ಕಾಣುವ ಫ್ಲೋರೈಟ್ ಹೊಳೆಯದೆ ಬೆಳ್ಳಗೆ ಮಬ್ಬಾಗಿ ನಿಲ್ಲುವುದು ಬಹುಮಟ್ಟಿಗೆ ಇದರಿಂದಲೇ. ಆಗ ಪಾಲಿಶ್ ಪುಡಿ ಬದಲಾಯಿಸಿ ಏನೂ ಆಗದು. ಸೀರಿಯಂ ಆಕ್ಸೈಡ್, ಟಿನ್ ಆಕ್ಸೈಡ್, ಅಲ್ಯುಮಿನಿಯಂ ಆಕ್ಸೈಡ್ ಎಂದು ಒಂದಾದ ಮೇಲೊಂದು ಡಬ್ಬಿ ತರಿಸುವವರಿಗೆ ನಾನು ಹೇಳುವುದಿಷ್ಟೇ: ಪುಡಿ ಆಮೇಲೆ ನೋಡೋಣ, ಮೊದಲು ಏಟು ನಿಲ್ಲಿಸಿ.

ಏಟು ನಿಲ್ಲಿಸಲು ಬ್ಯಾರೆಲ್ ತುಂಬಿರಬೇಕು. ಗಾಜಿನ ಲೋಟಗಳ ಪೆಟ್ಟಿಗೆ ಅರ್ಧ ಖಾಲಿಯಿದ್ದರೆ ಅಲುಗಾಡಿಸಿದಾಗ ಒಡೆಯುತ್ತವೆ, ಬಿಗಿಯಾಗಿ ತುಂಬಿದ್ದರೆ ಇಲ್ಲ. ಇಲ್ಲೂ ಅದೇ ನ್ಯಾಯ. ಗಟ್ಟಿ ಕಲ್ಲಿಗೆ ಮೂರರಲ್ಲಿ ಎರಡು ಪಾಲು ತುಂಬಿದರೆ ಸಾಕು. ಮೆದು ಕಲ್ಲಿಗೆ ಮುಕ್ಕಾಲು, ಬೇಕಾದರೆ ಚೂರು ಹೆಚ್ಚೇ ಇರಲಿ, ಆದರೆ ಒಳಗಿನದು ನಿಧಾನವಾಗಿ ಜಾರುವಷ್ಟು ಜಾಗ ಉಳಿಯಲೇಬೇಕು. ಈ ತುಂಬುವಿಕೆ ಬರೀ ಕಲ್ಲಿನಿಂದ ಬೇಡ. ಅರ್ಧದಷ್ಟು ಪ್ಲಾಸ್ಟಿಕ್ ಕಾಳು ಹಾಕಿ. ಸೆರಾಮಿಕ್ ಗುಂಡುಗಳು ಅಗೇಟಿಗೆ ಬಹಳ ಒಳ್ಳೆಯವು, ಕ್ಯಾಲ್ಸೈಟಿಗೆ ಅವೇ ಸುತ್ತಿಗೆ. ಪ್ಲಾಸ್ಟಿಕ್ ಕಾಳಿಗೂ ಎರಡು ಕಿರಿಕಿರಿ ಇವೆ. ಒಂದು, ನೀರು ಹೆಚ್ಚಾದರೆ ತೇಲಿ ಮೇಲೆ ಕೂರುತ್ತವೆ, ಕಲ್ಲುಗಳು ಕೆಳಗೆ ತಮ್ಮಷ್ಟಕ್ಕೆ ಬಡಿದಾಡಿಕೊಳ್ಳುತ್ತವೆ. ಆದ್ದರಿಂದ ನೀರು ಕಲ್ಲಿನ ಮಟ್ಟಕ್ಕಿಂತ ಕೆಳಗೇ ಇರಲಿ. ಎರಡು, ಗ್ರಿಟ್ ಅವುಗಳ ಮೈಗೆ ಚುಚ್ಚಿಕೊಂಡು ಉಳಿಯುತ್ತದೆ, ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ಹಂತಕ್ಕೊಂದು ಕಾಳಿನ ಡಬ್ಬಿ ಬೇರೆ ಇಟ್ಟು ಮೇಲೆ ಹೆಸರು ಬರೆಯಿರಿ.

ನೀರಿಗೆ ಸಕ್ಕರೆ ಹಾಕುವುದು ಹಳೆಯ ಉಪಾಯ. ದ್ರವ ಮಂದವಾಗಿ ಕಲ್ಲು ಮೆಲ್ಲಗೆ ಇಳಿಯುತ್ತದೆ. ಅಬ್ಸಿಡಿಯನ್, ಅಂದರೆ ಜ್ವಾಲಾಮುಖಿಯ ಗಾಜು ಉರುಳಿಸುವವರು ಇದನ್ನು ಹೆಚ್ಚು ನೆಚ್ಚುತ್ತಾರೆ. ಸಕ್ಕರೆ ನೀರು ಹುಳಿಯುತ್ತದೆ, ಹುಳಿದರೆ ಗಾಳಿ ತುಂಬಿ ಮುಚ್ಚಳ ಉಬ್ಬುತ್ತದೆ, ಆದ್ದರಿಂದ ದಿನಕ್ಕೊಮ್ಮೆಯಾದರೂ ತೆರೆದು ಮುಚ್ಚಿ.

ಇನ್ನು ಗ್ರಿಟ್. ಸಂಖ್ಯೆ ಹೆಚ್ಚಿದಷ್ಟೂ ಪುಡಿ ನಯ. ದಪ್ಪದ್ದನ್ನು, ಅಂದರೆ 60/90ನ್ನು, ಕಪಾಟಿನಲ್ಲೇ ಬಿಡಿ. ನಾಲ್ಕರ ಆಸುಪಾಸಿನ ಗಡಸುತನದ ಕಲ್ಲಿಗೆ 220ರಿಂದ ಶುರು ಮಾಡಿದರೆ ಸಾಕು. ಆಗಲೇ ದುಂಡಗಿದ್ದರೆ ನೇರ 500ಕ್ಕೆ ಹೋಗಬಹುದು. ಕೈಪಿಡಿಯವರು ಹೇಳದ ಒಂದು ವಿಷಯ ಇಲ್ಲಿದೆ. ಸಿಲಿಕಾನ್ ಕಾರ್ಬೈಡ್ ಗ್ರಿಟ್ ಗಟ್ಟಿ ಕಲ್ಲುಗಳ ನಡುವೆ ಸಿಕ್ಕಿ ತಾನೂ ಪುಡಿಯಾಗುತ್ತಾ ಹೋಗುತ್ತದೆ, ವಾರದ ಕೊನೆಗೆ ಹಾಕಿದ್ದಕ್ಕಿಂತ ಎಷ್ಟೋ ನಯವಾಗಿರುತ್ತದೆ. ಮೆದು ಕಲ್ಲಿಗೆ ಅದನ್ನು ಪುಡಿಮಾಡುವ ತಾಕತ್ತಿಲ್ಲ. ಗ್ರಿಟ್ ಚೂಪಾಗಿಯೇ ಉಳಿದು ಕೊನೆಯವರೆಗೂ ಗೀರುತ್ತದೆ. ಜೊತೆಗೆ, ಅದೇ ಕಣ ಮೆದು ಮೈಯಲ್ಲಿ ಗಟ್ಟಿ ಮೈಗಿಂತ ಆಳಕ್ಕೆ ಇಳಿಯುತ್ತದೆ. ಅಗೇಟು 500 ಆದ ಮೇಲೆ ಪಾಲಿಶಿಗೆ ತಯಾರು. ಕ್ಯಾಲ್ಸೈಟಿಗೆ ನಡುವೆ 1000ದ ಒಂದು ಮೆಟ್ಟಿಲು ಇಲ್ಲದೆ ಆಗದು. ಹೊಳಪು ಎಂದರೆ ಗೀರುಗಳು ಬೆಳಕನ್ನು ಚದುರಿಸಲಾರದಷ್ಟು ಸಣ್ಣವಾಗುವುದು. ಕಣ್ಣಿಗೆ ಕಾಣುವ ಬೆಳಕಿನ ಅಲೆಯ ಉದ್ದ 0.4ರಿಂದ 0.7 ಮೈಕ್ರೋಮೀಟರ್, 600ರ ಗ್ರಿಟ್ ಕಣವೇ ಸುಮಾರು 10 ಮೈಕ್ರೋಮೀಟರ್. ಆ ಕಂದಕವನ್ನು ಒಂದೇ ನೆಗೆತಕ್ಕೆ ದಾಟಲಾಗುವುದಿಲ್ಲ.

ಕಲ್ಲು ಒದ್ದೆಯಾಗಿದ್ದಾಗ ಅದನ್ನು ಎಂದೂ ನಂಬಬೇಡಿ. ನೀರು ಗೀರುಗಳನ್ನು ತುಂಬಿಕೊಂಡು ಹುಸಿ ಹೊಳಪು ಕೊಡುತ್ತದೆ. ಒರೆಸಿ, ಪೂರ್ತಿ ಒಣಗಿದ ಮೇಲೆ ದೀಪದ ಕೆಳಗೆ ಓರೆಯಾಗಿ ಹಿಡಿದು ನೋಡಿ. ಒದ್ದೆಯಲ್ಲಿ ಕಂಡ ಬಣ್ಣ ಒಣಗಿದಾಗ ಮಾಸಿದರೆ ಒಂದು ಹಂತ ಹಿಂದಕ್ಕೆ ಹೋಗಬೇಕು. ಎಣ್ಣೆಯನ್ನೋ ಮೇಣವನ್ನೋ ಸವರಿ ಈ ಹಿಂದಕ್ಕೆ ಹೋಗುವ ಕೆಲಸ ತಪ್ಪಿಸಿಕೊಳ್ಳುವವರ ಮೇಲೆ ನನಗೆ ಸಿಟ್ಟೇನಿಲ್ಲ. ಅದನ್ನು ಪಾಲಿಶ್ ಎಂದು ತೋರಿಸಿದಾಗ ಮಾತ್ರ ಸುಮ್ಮನಿರಲಾರೆ.

ಎಷ್ಟು ದಿನ ಎಂದು ಕೇಳಬೇಡಿ, ದಿನವೂ ತೆರೆದು ನೋಡಿ. ಮೆದು ಕಲ್ಲಿನಲ್ಲಿ ಕೆಸರು ಬೇಗ ದಪ್ಪವಾಗುತ್ತದೆ, ಆಕಾರ ಬೇಗ ಕರಗುತ್ತದೆ. ಕಂಪಿಸುವ ಟಂಬ್ಲರ್ ಸಿಕ್ಕರೆ ಇನ್ನೂ ಒಳ್ಳೆಯದು. ಅದರಲ್ಲಿ ಕಲ್ಲು ಎತ್ತರದಿಂದ ಬೀಳುವುದಿಲ್ಲ, ಒಂದನ್ನೊಂದು ಉಜ್ಜುತ್ತಾ ನಡುಗುತ್ತಿರುತ್ತದೆ ಅಷ್ಟೆ. ಒರಟು ಚೂರನ್ನು ಅದು ದುಂಡಗೆ ಮಾಡಿಕೊಡುವುದಿಲ್ಲ, ಆದರೆ ಇರುವ ಆಕಾರವನ್ನು ಹಾಗೇ ಉಳಿಸಿ ಕೆಲವೇ ದಿನಗಳಲ್ಲಿ ಮುಗಿಸುತ್ತದೆ. ಹಂತದಿಂದ ಹಂತಕ್ಕೆ ತೊಳೆಯುವಾಗ ಬಿಸಿನೀರು ಬೇಡ. ಹಠಾತ್ತನೆ ಬಿಸಿ ತಗುಲಿದರೆ ಫ್ಲೋರೈಟ್ ಬಿರಿಯುತ್ತದೆ.

ಕ್ಯಾಲ್ಸೈಟ್, ಅಮೃತಶಿಲೆ ಉರುಳಿಸುವವರು ಆಮ್ಲದ ಬಗ್ಗೆ ಎಚ್ಚರ ಇಟ್ಟುಕೊಳ್ಳಬೇಕು. ಕೈಗೆ ಸಿಕ್ಕ ಬಿಳಿ ಕಲ್ಲು ಕ್ಯಾಲ್ಸೈಟೋ ಬೆಣಚೋ ತಿಳಿಯಲು ಒಂದು ಹನಿ ವಿನೆಗರ್ ಸಾಕು, ಕ್ಯಾಲ್ಸೈಟ್ ಗುಳ್ಳೆ ಬಿಡುತ್ತದೆ. ಅದೇ ವಿನೆಗರನ್ನು ಮುಚ್ಚಿದ ಬ್ಯಾರೆಲ್ಲಿಗೆ ಹಾಕಿದರೆ ಇಂಗಾಲದ ಡೈಆಕ್ಸೈಡ್ ಒಳಗೇ ತುಂಬುತ್ತದೆ. ಅಮೃತಶಿಲೆಯ ಕೆಲಸಗಾರರು ಕೊನೆಯ ಹೊಳಪಿಗೆ ಆಕ್ಸಾಲಿಕ್ ಆಮ್ಲ ಬಳಸುವುದು ನಿಜ, ಆದರೆ ಅದು ವಿಷ. ಹವ್ಯಾಸಕ್ಕಾಗಿ ಅಷ್ಟು ದೂರ ಹೋಗುವ ಅಗತ್ಯ ನನಗೆ ಕಂಡಿಲ್ಲ.

ಮಲಕೈಟ್ ಹಾಕಬಹುದಾ ಎಂದು ಕೇಳಿದರೆ ಬೇಡ ಎನ್ನುತ್ತೇನೆ. ಗಡಸುತನ 3.5ರಿಂದ 4, ಹೊಳಪು ಬರದೇನಲ್ಲ. ಆದರೆ ಅದು ತಾಮ್ರದ ಖನಿಜ, ಅದರ ಧೂಳಾಗಲಿ ಕೆಸರಾಗಲಿ ದೇಹಕ್ಕೆ ಒಳ್ಳೆಯದಲ್ಲ. ಸರ್ಪೆಂಟೈನ್ ಜಾತಿಯ ಕೆಲವು ಕಲ್ಲುಗಳಲ್ಲಿ ಕಲ್ನಾರಿನ ಎಳೆಗಳಿರುತ್ತವೆ, ನಾರುನಾರಾಗಿ ಕಂಡದ್ದನ್ನು ಮುಟ್ಟಲೇಬೇಡಿ. ಯಾವ ಕಲ್ಲನ್ನೂ ಒಣಗಿದ್ದಾಗ ಉಜ್ಜಬಾರದು. ಉಳಿದ ಕೆಸರು ಬಚ್ಚಲಿನ ಕೊಳವೆಗೆ ಹೋದರೆ ಸಿಮೆಂಟಿನಂತೆ ಕೂತುಬಿಡುತ್ತದೆ. ಹಳೆ ಬಕೆಟ್ಟಿನಲ್ಲಿ ತಳ ಕೂರಲು ಬಿಟ್ಟು, ನೀರು ಬಸಿದು, ಗಟ್ಟಿಯಾದದ್ದನ್ನು ಕಸಕ್ಕೆ ಹಾಕಿ.

ಗಡಸುತನ ಮೂರಕ್ಕೆ ಇಳಿದ ಮೇಲೆ ನನ್ನ ಒಲವು ಕೈಕೆಲಸದ ಕಡೆಗೆ. ಉಗುರಿನ ಗಡಸುತನ ಸುಮಾರು 2.5, ಗಾಜಿನದು 5.5. ಉಗುರಿಗೆ ಗೀರಾಗುವ ಕಲ್ಲನ್ನು ಟಂಬ್ಲರಿಗೆ ತೋರಿಸಲೂ ಬೇಡಿ. ಕ್ಯಾಲ್ಸೈಟಿನ ಒಂದು ಅಂಗೈಯಗಲದ ತುಂಡನ್ನು ವಾಟರ್‌ಪೇಪರಿನಲ್ಲಿ, ನೀರು ಹಾಕುತ್ತಾ, 220, 400, 600, 1000, 2000 ಎಂದು ಉಜ್ಜುತ್ತಾ ಹೋದರೆ ಒಂದು ಸಂಜೆಯ ಕೆಲಸ. ಪೇಪರ್ ಬದಲಾದಾಗ ಉಜ್ಜುವ ದಿಕ್ಕನ್ನೂ ಅಡ್ಡಕ್ಕೆ ತಿರುಗಿಸಿ. ಹಿಂದಿನ ಪೇಪರಿನ ಗೀರು ಒಂದಾದರೂ ಉಳಿದಿದ್ದರೆ ಎದ್ದು ಕಾಣುತ್ತದೆ, ಅದು ಮಾಯವಾಗುವವರೆಗೆ ಮುಂದಿನದಕ್ಕೆ ಕೈ ಹಾಕಬೇಡಿ. ಕೊನೆಗೆ ಒದ್ದೆ ಚರ್ಮದ ತುಂಡಿನ ಮೇಲೆ ಟಿನ್ ಆಕ್ಸೈಡ್. ಏಟೇ ಇಲ್ಲದ ಕಾರಣ ಸೀಳು ಎಚ್ಚೆತ್ತುಕೊಳ್ಳುವುದಿಲ್ಲ. ಟಂಬ್ಲರಿನಿಂದ ಬಂದದ್ದಕ್ಕಿಂತ ಹೊಳಪು ಎಷ್ಟೋ ಮೇಲು.

ಹೊಸಬರು ಯಾವುದರಿಂದ ಶುರು ಮಾಡಬೇಕು? ಸೊಡಲೈಟ್ ಎಂದು ನನ್ನ ಸಲಹೆ. 5.5ರಿಂದ 6ರ ಗಡಸುತನ, ಸೀಳಿನ ಕಾಟ ಕಡಿಮೆ, ನೀಲಿ ಬಣ್ಣ ಬೇರೆ. ಅದು ಕೈಗೆ ಹತ್ತಿದ ಮೇಲೆ ಅಬ್ಸಿಡಿಯನ್: ಅದಕ್ಕೆ ಸೀಳೇ ಇಲ್ಲ, ಆದರೆ ಅಂಚು ತಾಗಿದರೆ ಚಕ್ಕೆ ಏಳುತ್ತದೆ, ಬ್ಯಾರೆಲ್ ಸರಿಯಾಗಿ ತುಂಬಿದ್ದೀರೋ ಇಲ್ಲವೋ ಒಂದೇ ಸಲಕ್ಕೆ ಹೇಳಿಬಿಡುತ್ತದೆ. ಚಕ್ಕೆ ಏಳದೆ ಬಂದರೆ ಫ್ಲೋರೈಟಿಗೆ ಹೋಗಿ. ಜಿಪ್ಸಂ ಮಾತ್ರ ಎಷ್ಟು ಚೆಂದ ಕಂಡರೂ ಬಿಟ್ಟುಬಿಡಿ. ಉಗುರಿಗೇ ಸೋಲುವುದಲ್ಲದೆ ನೀರಿನಲ್ಲೂ ಲೀಟರಿಗೆ ಎರಡು ಗ್ರಾಮಿನಷ್ಟು ಕರಗುತ್ತದೆ.