ಕಪ್ಪೆಗೆ ಇಂಜೆಕ್ಷನ್ ಕೊಡುವ ಮುಂಚಿನ ಕೆಲಸ

ಅಳಿವಿನಂಚಿನ ಕಪ್ಪೆಗಳ ಸಂತಾನ ಬೆಳೆಸುವ ಕೆಲಸ ನನ್ನದು. ಹೊಸದಾಗಿ ಸೇರಿದವರಿಗೆಲ್ಲ ಮೊದಲು ಕೈಗೆ ಬೇಕಾಗುವುದು ಸಿರಿಂಜು. ನಾನು ಅವರನ್ನು ಕೂರಿಸುವುದು ಅಲ್ಟ್ರಾಸೌಂಡ್ ಮುಂದೆ, ಹೆಣ್ಣಿನ ಹೊಟ್ಟೆಯಲ್ಲಿ ಮೊಟ್ಟೆ ಬಲಿತಿದೆಯೇ ಎಂದು ನೋಡಲು.

ಕಾಡಿನಲ್ಲಿ ಚಳಿ, ಮಳೆ, ಗಂಡುಗಳ ಕೂಗು ಎಲ್ಲ ಸೇರಿ ಕಾಲ ಬಂತೆಂದು ಕಪ್ಪೆಯ ಮಿದುಳಿಗೆ ತಿಳಿಸುತ್ತವೆ. ಮಿದುಳು ಜಿಎನ್‌ಆರ್‌ಎಚ್ ಎಂಬ ಹಾರ್ಮೋನ್ ಬಿಡುತ್ತದೆ, ಅದರಿಂದ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಎಲ್‌ಎಚ್ ಎಂಬ ಇನ್ನೊಂದು ಹಾರ್ಮೋನ್ ಬಿಡುತ್ತದೆ, ಆಮೇಲೆ ಮೊಟ್ಟೆ ಕಳಚುತ್ತದೆ. ಗಾಜಿನ ತೊಟ್ಟಿಯಲ್ಲಿ ಇದು ಅರ್ಧಕ್ಕೇ ನಿಲ್ಲುವುದುಂಟು. ನಮ್ಮ ಹಾರ್ಮೋನ್ ಆ ಉಳಿದರ್ಧವನ್ನು ನಡೆಸಿಕೊಡುತ್ತದೆ, ಅಷ್ಟೇ. ಹೊಟ್ಟೆಯಲ್ಲಿ ಬಲಿತ ಮೊಟ್ಟೆ ಇಲ್ಲದ ಹೆಣ್ಣಿಗೆ 'ಕೊಟ್ಟು ನೋಡೋಣ' ಎನ್ನುವುದನ್ನು ನಾನು ಒಪ್ಪುವುದಿಲ್ಲ, ಮೇಲಿನವರು ಎಷ್ಟೇ ಅವಸರ ಮಾಡಲಿ. ಚಳಿನಾಡಿನ ಜಾತಿಗಳಾದರೆ ಮೊದಲು ತಂಪಿನಲ್ಲಿ ಮಲಗಿಸಿ, ಎಬ್ಬಿಸಿ, ಚೆನ್ನಾಗಿ ತಿನ್ನಿಸಬೇಕು.

ವಿದ್ಯೆ ಹೊಸದೇನಲ್ಲ. 1930ರ ದಶಕದಲ್ಲಿ ಹೆಂಗಸರ ಮೂತ್ರವನ್ನು ಹೆಣ್ಣು ಜೆನೋಪಸ್ ಕಪ್ಪೆಗೆ ಚುಚ್ಚಿ, ಅದು ಮೊಟ್ಟೆಯಿಟ್ಟರೆ ಬಸಿರು ಎಂದು ಹೇಳುವ ಪರೀಕ್ಷೆ ಬಂದಿತ್ತು. ಬಸುರಿಯರ ಆ ಮೂತ್ರದಲ್ಲಿದ್ದ ಎಚ್‌ಸಿಜಿ ಎಂಬ ಹಾರ್ಮೋನನ್ನೇ ಇಂದು ನಾವು ಅಳೆದು ಕೊಡುತ್ತೇವೆ. ಕೆಲವು ಜಾತಿಗೆ ಅದು ಸಾಕು, ಕೆಲವಕ್ಕೆ ನಾಟುವುದೇ ಇಲ್ಲ. 2010ರಲ್ಲಿ ಪ್ರಕಟವಾದ ಆಂಫಿಪ್ಲೆಕ್ಸ್ ಮಿಶ್ರಣದಲ್ಲಿ ಕಪ್ಪೆಯ ಒಂದೊಂದು ಗ್ರಾಂ ತೂಕಕ್ಕೆ 0.4 ಮೈಕ್ರೋಗ್ರಾಂ ಜಿಎನ್‌ಆರ್‌ಎಚ್ ಮಾದರಿಯ ಹಾರ್ಮೋನ್, 10 ಮೈಕ್ರೋಗ್ರಾಂ ಮೆಟೊಕ್ಲೊಪ್ರಮೈಡ್. ಹೌದು, ವಾಂತಿಗೆ ಕೊಡುವ ಅದೇ ಔಷಧ! ಎಲ್‌ಎಚ್ ಹೊರಬರದಂತೆ ಡೋಪಮೈನ್ ಎಂಬ ಮಿದುಳಿನ ರಾಸಾಯನಿಕ ಹಾಕಿದ ತಡೆಯನ್ನು ಅದು ತೆಗೆಯುತ್ತದೆ.

ಲೆಕ್ಕ ಗ್ರಾಂನಲ್ಲಿರುವುದರಿಂದ ತೂಕವೇ ಮುಖ್ಯ. ಕಪ್ಪೆಯ ಮೂತ್ರಕೋಶ ನೀರಿನ ಚೀಲವಿದ್ದಂತೆ. ತುಂಬಿದ್ದರೆ ಒಂದು ತೂಕ, ಖಾಲಿಯಾದರೆ ಇನ್ನೊಂದು. ಹಾಗಾಗಿ ಕೈಗೆತ್ತಿಕೊಂಡಾಗ ಅದು ಮೂತ್ರ ಬಿಟ್ಟ ಮೇಲೇ ತಕ್ಕಡಿಗೆ.

ಗಂಡುಗಳ ಕಡೆ ಇಷ್ಟು ರಗಳೆಯಿಲ್ಲ. ಇಂಜೆಕ್ಷನ್ ಆಗಿ ಕೆಲವು ಗಂಟೆಗಳಲ್ಲಿ ಮೂತ್ರದಲ್ಲೇ ವೀರ್ಯಾಣು ಬರುತ್ತದೆ, ಒಂದು ಹನಿ ಸೂಕ್ಷ್ಮದರ್ಶಕದಡಿ ಇಟ್ಟರೆ ಓಡಾಟ ಕಾಣುತ್ತದೆ. ಕೈ ಚುರುಕಾಗಬೇಕಾದ್ದು ಅದಾದ ಮೇಲೆ. ಹೆಣ್ಣಿನ ಹೊಟ್ಟೆ ಮೆಲ್ಲಗೆ ಒತ್ತಿ ಮೊಟ್ಟೆಗಳನ್ನು ಒಣಗಿದ ತಟ್ಟೆಗೆ ಇಳಿಸಬೇಕು. ಮೊಟ್ಟೆಯ ಸುತ್ತಲಿನ ಲೋಳೆ ನೀರು ಕುಡಿದು ಉಬ್ಬಿತೆಂದರೆ ವೀರ್ಯಾಣು ಒಳಗೆ ಹೋಗಲಾರದು. ಆದ್ದರಿಂದ ಮೊದಲು ವೀರ್ಯ ಬೆರೆಸಿ, ಅದು ಎಲ್ಲ ಮೊಟ್ಟೆಗೂ ತಗುಲಿದ ಮೇಲೆ ನೀರು. ಒದ್ದೆ ಕೈಗವಸು ಹಾಕಿಕೊಂಡು ತಟ್ಟೆಯ ಹತ್ತಿರ ಬಂದವರನ್ನು ನಾನು ವಾಪಸ್ ಕಳಿಸುತ್ತೇನೆ.