ಯೋಧರನ್ನು ನೆನೆಯುವ ದಿನ ಯುದ್ಧವನ್ನು ಹಳಿಯುವ ಹಾಡೇಕೆ?

ಯುದ್ಧವಿರೋಧಿ ಹಾಡುಗಳ ಬಗ್ಗೆ ನಾನು ಬರೆಯುತ್ತೇನೆಂದು ತಿಳಿದವರು ನವೆಂಬರ್ ಹತ್ತಿರವಾದಂತೆ ತಪ್ಪದೆ ಕೇಳುವ ಪ್ರಶ್ನೆಯೊಂದಿದೆ. 1918ರಲ್ಲಿ ಮೊದಲನೆಯ ಮಹಾಯುದ್ಧ ನಿಂತ ನವೆಂಬರ್ 11ರಂದು, ಪಶ್ಚಿಮದ ಹಲವು ದೇಶಗಳು ಮಡಿದ ಸೈನಿಕರನ್ನು ನೆನೆಯುವ, ಬದುಕುಳಿದು ಬಂದವರನ್ನು ಗೌರವಿಸುವ ದಿನದಂದೇ ಅಂಥ ಹಾಡನ್ನು ಹಾಡಿದರೆ ಅದು ಅವರಿಗೆ ಮಾಡಿದ ಅವಮಾನವಾಗುವುದಿಲ್ಲವೇ? ಕೆಲವರು ಇದನ್ನು ಸಿಟ್ಟಿನಿಂದ ಕೇಳುತ್ತಾರೆ. ಇನ್ನು ಕೆಲವರಿಗೆ ಆ ಹಾಡುಗಳೂ ಇಷ್ಟ, ಸೈನಿಕರ ಮೇಲೂ ಅಭಿಮಾನ. ಎರಡನ್ನೂ ಒಂದೇ ದಿನ ಹೇಗೆ ಒಟ್ಟಿಗೆ ಇಟ್ಟುಕೊಳ್ಳುವುದೆಂಬ ಇಕ್ಕಟ್ಟು ಅವರದು. ಈ ಉತ್ತರವನ್ನು ಅವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ.

ಪ್ರಶ್ನೆಯ ಒಳಗೊಂದು ಊಹೆ ಅಡಗಿದೆ. ಇಂಥ ಹಾಡುಗಳನ್ನು ಕಟ್ಟಿದವರು ರಣರಂಗವನ್ನು ಕಣ್ಣಾರೆ ಕಾಣದೆ, ಬೆಚ್ಚಗಿನ ಕೋಣೆಯಲ್ಲಿ ಗಿಟಾರ್ ಹಿಡಿದು ಕೂತವರು ಎಂಬುದು ಆ ಊಹೆ. ಆ ಬಗೆಯ ಹಾಡುಗಳಿಗೂ ಬರವಿಲ್ಲ. ಆದರೆ ಮೊದಲನೆಯ ಮಹಾಯುದ್ಧದ ಕಾಲದ ತೀರ ಹರಿತವಾದ ಹಾಡುಗಳು ಹುಟ್ಟಿದ್ದು ಕಂದಕಗಳಲ್ಲಿ, ಸಿಪಾಯಿಗಳ ಬಾಯಲ್ಲಿ. ಬ್ರಿಟಿಷ್ ಸೈನಿಕರು ಸಾಲುಗಟ್ಟಿ ನಡೆಯುವಾಗ ಹಾಡುತ್ತಿದ್ದ ಹಾಡೊಂದು ಸೇನೆಯ ಒಬ್ಬೊಬ್ಬ ಮೇಲಿನವನೂ ಎಲ್ಲಿದ್ದಾನೆಂದು ಸರದಿಯಾಗಿ ಕೇಳುತ್ತ ಹೋಗುತ್ತದೆ. ಒಬ್ಬ ಸಿಪಾಯಿಗಳ ಪಾಲಿನ ರಮ್ ಕುಡಿಯುತ್ತಿದ್ದಾನೆ, ಇನ್ನೊಬ್ಬ ಗುಂಡು ತಾಗದಷ್ಟು ಹಿಂದೆ ಸುಖವಾಗಿದ್ದಾನೆ. ಕಡೆಗೆ ಸಾಮಾನ್ಯ ಸಿಪಾಯಿ ಎಲ್ಲಿ ಎಂದರೆ, ಮುಳ್ಳುತಂತಿಯ ಮೇಲೆ ಜೋತುಬಿದ್ದಿದ್ದಾನೆ. ಧಾಟಿ ಕಾಲು ಕುಣಿಸುವಂಥದ್ದು, ಮಾತು ಹೆಣದ್ದು. ಅಧಿಕಾರಿಗಳಿಗೆ ಈ ಹಾಡು ಹಿಡಿಸುತ್ತಿರಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಫ್ರಾನ್ಸಿನ 'ಕ್ರಾನ್ ಹಾಡಿ'ನ ಕತೆ ಇನ್ನೂ ಕಟುವಾದದ್ದು. ಯುದ್ಧಕ್ಕೆ ಮೊದಲು ಜನಪ್ರಿಯವಾಗಿದ್ದ ಪ್ರೇಮಗೀತೆಯೊಂದರ ಧಾಟಿಗೆ ಸೈನಿಕರು ತಮ್ಮದೇ ಮಾತುಗಳನ್ನು ಕೂಡಿಸಿ, ಯುದ್ಧ ನಡೆದ ಜಾಗಕ್ಕೆ ತಕ್ಕಂತೆ ಹೆಸರು ಬದಲಿಸುತ್ತ ಅದನ್ನು ಹಾಡಿಕೊಂಡು ಬಂದಿದ್ದರು. 1917ರ ಏಪ್ರಿಲ್ 16ರಂದು ಜನರಲ್ ನಿವೆಲ್ ಶೆಮಾ ದೆ ದಾಮ್ ಎಂಬ ದಿಣ್ಣೆಯ ಮೇಲೆ ಆರಂಭಿಸಿದ ದಾಳಿ, ಶತ್ರುವಿನ ಸಾಲನ್ನು ನಲವತ್ತೆಂಟು ಗಂಟೆಗಳೊಳಗೆ ಮುರಿಯುತ್ತೇವೆಂಬ ಭರವಸೆಯೊಡನೆ ಶುರುವಾಗಿ, ರಾಶಿ ಹೆಣಗಳಲ್ಲಿ ಮುಗಿಯಿತು. ಆಮೇಲಿನ ವಾರಗಳಲ್ಲಿ ಹಲವು ತುಕಡಿಗಳು ಕಂದಕವನ್ನು ಕಾಯುತ್ತೇವೆ, ಆದರೆ ಇನ್ನೊಂದು ವ್ಯರ್ಥ ದಾಳಿಗೆ ಮಾತ್ರ ಹೋಗುವುದಿಲ್ಲವೆಂದು ಹಟ ಹಿಡಿದವು. ಆ ದಿಣ್ಣೆಯ ಮೇಲಿನ ಕ್ರಾನ್ ಹಳ್ಳಿಯ ಹೆಸರು ಹಾಡಿಗೆ ಅಂಟಿಕೊಂಡದ್ದು ಆಗ. ಬದುಕಿಗೂ ಪ್ರೀತಿಗೂ ವಿದಾಯ ಹೇಳುವ ಪಲ್ಲವಿಯಿಂದ ಹೊರಟು, ಯುದ್ಧ ಬೇಕೆನ್ನುವ ದೊಡ್ಡ ಮನುಷ್ಯರು ಈಗ ತಾವೇ ದಿಣ್ಣೆ ಹತ್ತಿ ತಮ್ಮ ಚರ್ಮದಲ್ಲೇ ಅದರ ಬೆಲೆ ತೆರಲಿ ಎಂಬಲ್ಲಿಗೆ ಬಂದು ನಿಲ್ಲುವ ಈ ಹಾಡನ್ನು ಸೇನೆ ಹಾಡಗೊಡಲಿಲ್ಲ. ಬರೆದವರು ಯಾರೆಂಬುದು ಗೊತ್ತಾಗಲೂ ಇಲ್ಲ. ಆ ದಂಗೆಯ ಸೈನಿಕರನ್ನು ದೇಶದ ಸಾಮೂಹಿಕ ನೆನಪಿನೊಳಗೆ ಮರಳಿ ಸೇರಿಸಿಕೊಳ್ಳಬೇಕೆಂದು ಪ್ರಧಾನಿ ಲಿಯೊನೆಲ್ ಜೋಸ್ಪಾನ್ ಕ್ರಾನ್‌ನಲ್ಲೇ ನಿಂತು ಹೇಳಿದ್ದು 1998ರಲ್ಲಿ. ಆ ಮಾತಿಗೂ ತುಂಬ ವಿರೋಧ ಬಂತು. ದಾಳಿಗೆ ನೂರು ವರ್ಷ ತುಂಬಿದ 2017ರ ಏಪ್ರಿಲ್‌ನಲ್ಲಿ, ಅಧ್ಯಕ್ಷ ಫ್ರಾನ್ಸ್ವಾ ಒಲಾಂಡ್ ಭಾಗವಹಿಸಿದ ಸ್ಮರಣೆಯಲ್ಲಿ, ಆ ಹಾಡು ಕೇಳಿಬಂತು. ಸೈನಿಕರದೇ ಹಾಡು ಸೈನಿಕರ ಸ್ಮರಣೆಗೆ ಬರಲು ಹಿಡಿದ ಕಾಲ ಇದು.

ಹಾಡು ಬಿಟ್ಟು ಮನುಷ್ಯರ ಕಡೆ ನೋಡಿದರೂ ಕತೆ ಬೇರೆಯಲ್ಲ. ಹ್ಯಾರಿ ಪ್ಯಾಚ್ ಎಂಬವರು ಪಶ್ಚಿಮ ರಣರಂಗದ ಕಂದಕಗಳಲ್ಲಿ ಹೋರಾಡಿದ ಬ್ರಿಟಿಷ್ ಸೈನಿಕರಲ್ಲಿ ಬದುಕುಳಿದಿದ್ದ ಕೊನೆಯವರು. 2009ರಲ್ಲಿ, ತಮ್ಮ 111ನೆಯ ವಯಸ್ಸಿನಲ್ಲಿ ತೀರಿಕೊಂಡರು. ಲೂಯಿಸ್ ಮಷಿನ್ ಗನ್ ನಡೆಸುವ ಐದು ಮಂದಿಯ ತಂಡದಲ್ಲಿ ಅವರೊಬ್ಬರು. 1917ರ ಸೆಪ್ಟೆಂಬರ್ 22ರ ರಾತ್ರಿ ತಲೆಯ ಮೇಲೆ ಸಿಡಿದ ಶೆಲ್ ಒಂದು ಅವರನ್ನು ಗಾಯಗೊಳಿಸಿ, ತಂಡದ ಮೂವರನ್ನು ಇಲ್ಲವಾಗಿಸಿತು. ಮುಂದಿನ ಸುಮಾರು ಎಂಬತ್ತು ವರ್ಷ ಆ ಯುದ್ಧದ ಬಗ್ಗೆ ಅವರು ಬಾಯಿ ಬಿಡಲಿಲ್ಲ. ನೂರು ತುಂಬಿದ ಮೇಲೆ ಮಾತಾಡಿದಾಗ, ಯುದ್ಧವೆಂದರೆ ಸಂಘಟಿತ ಕೊಲೆ, ಬೇರೇನೂ ಅಲ್ಲ ಎಂದರು. ನವೆಂಬರ್ 11ರ ಆಚರಣೆ ಅವರ ಕಣ್ಣಿಗೆ ಬರೀ ಪ್ರದರ್ಶನವಾಗಿತ್ತು. ಅವರ ಸ್ಮರಣೆಯ ದಿನ ಸೆಪ್ಟೆಂಬರ್ 22. ಅವರು ತೀರಿಕೊಂಡ ಕೆಲವೇ ದಿನಗಳಲ್ಲಿ ರೇಡಿಯೊಹೆಡ್ ತಂಡ ಅವರ ಮಾತುಗಳನ್ನೇ ಆಧರಿಸಿದ ಹಾಡೊಂದನ್ನು ಬಿಡುಗಡೆ ಮಾಡಿ, ಬಂದ ಹಣವನ್ನು ಮಾಜಿ ಸೈನಿಕರ ನೆರವಿಗಿರುವ ರಾಯಲ್ ಬ್ರಿಟಿಷ್ ಲೀಜನ್‌ಗೆ ಕೊಟ್ಟಿತು. ಆ ಹಾಡು ಯುದ್ಧವಿರೋಧಿಯೇ, ಯೋಧನಿಗೆ ಸಲ್ಲಿಸಿದ ಗೌರವವೇ ಎಂದು ವಿಂಗಡಿಸಲು ಹೊರಟರೆ ನಾವು ಪ್ಯಾಚ್ ಅವರನ್ನೇ ಎರಡು ಹೋಳು ಮಾಡಬೇಕಾದೀತು.

ಹಾಗಾದರೆ ಜನರಿಗೆ ನೋವಾಗುವುದು ಏಕೆ? 2014ರ ನವೆಂಬರ್ 11ರಂದು ವಾಷಿಂಗ್ಟನ್ನಿನಲ್ಲಿ ಮಾಜಿ ಸೈನಿಕರ ಗೌರವಾರ್ಥ ನಡೆದ ಭಾರಿ ಸಂಗೀತ ಕಾರ್ಯಕ್ರಮದಲ್ಲಿ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಮತ್ತು ಸಂಗಡಿಗರು 'ಫಾರ್ಚುನೇಟ್ ಸನ್' ಹಾಡಿದಾಗ, ಇದು ಸೈನಿಕರಿಗೆ ಮಾಡಿದ ಅಪಚಾರವೆಂದು ಗುಲ್ಲೆದ್ದಿತು. 1969ರಲ್ಲಿ, ವಿಯೆಟ್ನಾಂ ಯುದ್ಧದ ನಡುವೆ, ಆ ಹಾಡನ್ನು ಬರೆದ ಜಾನ್ ಫೋಗರ್ಟಿ ಸ್ವತಃ ಸೇನೆಯ ಮೀಸಲು ಪಡೆಯಲ್ಲಿ ಸೇವೆ ಸಲ್ಲಿಸಿದವರು. ಹಾಡು ಬೈಯುವುದು ಬಾವುಟ ಬೀಸುತ್ತ ಮಂದಿಯ ಮಕ್ಕಳನ್ನು ಯುದ್ಧಕ್ಕೆ ಕಳಿಸಿ, ತಮ್ಮ ಮಕ್ಕಳನ್ನು ಮಾತ್ರ ಉಪಾಯವಾಗಿ ಉಳಿಸಿಕೊಂಡ ಅಧಿಕಾರವಂತರನ್ನೂ ಹಣವಂತರನ್ನೂ. ಕಡ್ಡಾಯ ಸೈನ್ಯಭರ್ತಿಯಲ್ಲಿ ಸಿಕ್ಕಿಬಿದ್ದ ಬಡವರ ಮಗನ ಪರವಾಗಿಯೇ ಅದು ಕೂಗುತ್ತಿದೆ. ಬಹಳ ಮಂದಿ ಹಾಡಿನ ಅಬ್ಬರವನ್ನು ಕೇಳುತ್ತಾರೆ, ಅದು ಯಾರ ಕಡೆ ಬೆರಳು ತೋರಿಸುತ್ತಿದೆ ಎಂಬುದನ್ನು ಕೇಳಿಸಿಕೊಳ್ಳುವುದಿಲ್ಲ. ನನ್ನ ಮಟ್ಟಿಗೆ ಇಡೀ ಪ್ರಶ್ನೆ ನಿಂತಿರುವುದು ಆ ಬೆರಳಿನ ಮೇಲೆ.

ಆಸ್ಟ್ರೇಲಿಯಾದ ಉದಾಹರಣೆ ಇದಕ್ಕೆ ಪೂರಕವಾಗಿದೆ. ವಿಯೆಟ್ನಾಂನಿಂದ ಮರಳಿದ ಅಲ್ಲಿನ ಸೈನಿಕರು ತಮ್ಮನ್ನು ಯಾರೂ ಸರಿಯಾಗಿ ಬರಮಾಡಿಕೊಳ್ಳಲಿಲ್ಲವೆಂಬ ನೋವಿನಲ್ಲಿ ವರ್ಷಗಳನ್ನು ಕಳೆದಿದ್ದರು. 1983ರಲ್ಲಿ, ಎಡಪಂಥೀಯ ರಾಜಕೀಯಕ್ಕೆ ಹೆಸರಾಗಿದ್ದ ರೆಡ್‌ಗಮ್ ಎಂಬ ತಂಡದ ಜಾನ್ ಶೂಮನ್, ಹತ್ತೊಂಬತ್ತರ ಹರೆಯದಲ್ಲಿ ಅಲ್ಲಿಗೆ ಹೋದ ಸೈನಿಕನೊಬ್ಬನ ದನಿಯಲ್ಲಿ ಹಾಡು ಬರೆದರು. ನಿದ್ದೆ ಬಾರದ ರಾತ್ರಿಗಳು, ಹೆಲಿಕಾಪ್ಟರ್ ಸದ್ದಿಗೆ ನಡುಗುವ ಮೈ, ಬಂದುಹೋಗುವ ಚರ್ಮದ ದದ್ದು, ಇದೆಲ್ಲ ಏಕೆಂದು ವೈದ್ಯರನ್ನು ಕೇಳುವ ಗಂಡಸು. ಹಾಡು ದೇಶದ ಜನಪ್ರಿಯತೆಯ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು, ಅದರ ಗೌರವಧನ ಆ ಮಾಜಿ ಸೈನಿಕರ ಸಂಘಕ್ಕೇ ಹೋಯಿತು. ಸಿಡ್ನಿಯಲ್ಲಿ ಅವರಿಗಾಗಿ ಸ್ವಾಗತದ ಪಥಸಂಚಲನ ನಡೆದದ್ದು 1987ರಲ್ಲಿ, ಎಂದರೆ ಹಾಡು ಬಂದು ನಾಲ್ಕು ವರ್ಷವಾದ ಮೇಲೆ.

ಆ ದಿನಕ್ಕೆ ರಾಜಕೀಯ ಬೇಡ ಎನ್ನುವವರಿಗೂ ಒಂದು ಮಾತಿದೆ. ಗಸಗಸೆಯ ಕೆಂಪು ಹೂವನ್ನು ಸ್ಮರಣೆಯ ಗುರುತಾಗಿಸಿದ ಕವನ, ಕೆನಡಾದ ಸೇನಾ ವೈದ್ಯ ಜಾನ್ ಮೆಕ್ರೇ 1915ರಲ್ಲಿ ಬರೆದದ್ದು, ತನ್ನ ಕೊನೆಯ ಭಾಗದಲ್ಲಿ ಶತ್ರುವಿನೊಡನೆ ನಮ್ಮ ಜಗಳವನ್ನು ನೀವು ಮುಂದುವರಿಸಿ ಎಂದು ಸತ್ತವರ ಬಾಯಿಂದ ಹೇಳಿಸುತ್ತದೆ. ಮೆಕ್ರೇ ಕೂಡ ಆ ಯುದ್ಧ ಮುಗಿಯುವ ಮೊದಲೇ ತೀರಿಕೊಂಡರು, ಅವರ ಮಾತಿಗೆ ಅದರದೇ ತೂಕವಿದೆ. ಆದರೆ ಯುದ್ಧ ಮುಂದುವರಿಯಲಿ ಎನ್ನುವುದು ಸ್ಮರಣೆ, ಯುದ್ಧ ನಿಲ್ಲಲಿ ಎನ್ನುವುದು ಮಾತ್ರ ರಾಜಕೀಯ ಎಂಬ ಲೆಕ್ಕ ನನಗೆ ಅರ್ಥವಾಗಿಲ್ಲ. ಇದೇ ಲೆಕ್ಕದ ಇನ್ನೊಂದು ಮುಖ 2014ರಲ್ಲಿ ಕಂಡಿತು. ಹತ್ತೊಂಬತ್ತರಲ್ಲೇ ಸತ್ತ ಸೈನಿಕನೊಬ್ಬನ ಸಮಾಧಿಯ ಬಳಿ ಕೂತು, ಈ ಯುದ್ಧ ಎಲ್ಲ ಯುದ್ಧಗಳನ್ನೂ ಮುಗಿಸುತ್ತದೆಂದು ನೀನು ನಿಜಕ್ಕೂ ನಂಬಿದ್ದೆಯಾ ಎಂದು ಕೇಳುವ ಎರಿಕ್ ಬೋಗಲ್ ಅವರ ಹಾಡನ್ನು ಬ್ರಿಟನ್ನಿನಲ್ಲಿ ಆ ವರ್ಷದ ಗಸಗಸೆ ಹೂವಿನ ಹೆಸರಲ್ಲಿ ಮಾಜಿ ಸೈನಿಕರಿಗಾಗಿ ಹಣ ಕೂಡಿಸುವ ಅಭಿಯಾನಕ್ಕೆ ಗಾಯಕಿ ಜಾಸ್ ಸ್ಟೋನ್ ಅವರಿಂದ ಹಾಡಿಸಿ, ಕೊನೆಯ ಪ್ರಶ್ನೆಗಳಿರುವ ಚರಣಗಳನ್ನು ಕೈಬಿಟ್ಟರು. ಉಳಿದದ್ದು ಇಂಪಾದ ಶೋಕ. 'ಯುದ್ಧಸ್ಯ ಕಥಾ ರಮ್ಯಾ' ಎಂದು ನಮ್ಮಲ್ಲಿ ಹೇಳುವುದುಂಟು. ಕತ್ತರಿ ಸಿಕ್ಕರೆ ಯುದ್ಧವಿರೋಧಿ ಹಾಡನ್ನೂ ರಮ್ಯವಾಗಿಸಬಹುದು. ಅದರ ಬದಲು ಆ ಹಾಡನ್ನು ಮುಟ್ಟದೇ ಇದ್ದಿದ್ದರೆ ನನಗೆ ಹೆಚ್ಚು ಗೌರವ ಬರುತ್ತಿತ್ತು.

ಇಷ್ಟೆಲ್ಲ ಹೇಳಿದ ಮೇಲೂ, ಎಲ್ಲ ಹಾಡೂ ಎಲ್ಲ ಜಾಗಕ್ಕೂ ಸಲ್ಲುತ್ತದೆಂದು ನಾನು ವಾದಿಸುವುದಿಲ್ಲ. 1960ರ ದಶಕದಲ್ಲಿ ಬಫಿ ಸೇಂಟ್ ಮೇರಿ ಬರೆದ, ಆಮೇಲೆ ಡೊನೊವನ್ ಹಾಡಿ ಹಬ್ಬಿಸಿದ 'ಯುನಿವರ್ಸಲ್ ಸೋಲ್ಜರ್' ಸೈನಿಕನೇ ತನ್ನ ದೇಹವನ್ನು ಆಯುಧವಾಗಿ ಕೊಡುತ್ತಾನೆ, ಅವನಿಲ್ಲದೆ ಯುದ್ಧ ನಡೆಯದು ಎಂದು ನೇರವಾಗಿ ಹೇಳುತ್ತದೆ. ಕಟ್ಟಕಡೆಗೆ ಅವನಿಗೆ ಆದೇಶ ಕೊಡುವವರು ನಾವೂ ನೀವೂ ಎಂದು ತಿರುಗಿಕೊಳ್ಳುತ್ತದೆಂಬುದು ನಿಜ; ಆದರೆ ಆ ತಿರುವಿಗೆ ಬರುವ ಹೊತ್ತಿಗೆ ಮಗನನ್ನು ಕಳೆದುಕೊಂಡ ತಾಯಿ ಎದ್ದು ಹೋಗಿರುತ್ತಾಳೆ. ಅದರ ಪ್ರಶ್ನೆ ನ್ಯಾಯವಾದದ್ದು, ಸಂಜೆಯ ವೇದಿಕೆಯಲ್ಲಿ ನಾನದನ್ನು ಸಂತೋಷದಿಂದ ಕೇಳುತ್ತೇನೆ. ಸಮಾಧಿಗಳ ನಡುವೆ ನಿಂತು ಮಾತ್ರ ಹಾಡಿಸಲಾರೆ.

ಕಾರ್ಯಕ್ರಮ ನಡೆಸುವವರು ಕೇಳಿದರೆ ನಾನು ಹೇಳುವುದು ಇಷ್ಟೇ. ಬ್ಯೂಗಲ್ ಊದುವ, ಹೆಸರುಗಳನ್ನು ಓದುವ, 1919ರಿಂದ ನಡೆದುಬಂದಿರುವ ಎರಡು ನಿಮಿಷದ ಮೌನದ ಹೊತ್ತನ್ನು ಯಾರ ಹಾಡಿಗೂ ಕೊಡಬೇಡಿ, ಅದು ಕಳೆದುಕೊಂಡವರದು. ಆಮೇಲೆ ಹಾಡುವುದಾದರೆ ಪೂರ್ತಿ ಹಾಡಿ, ಯಾವ ಹಾಡೆಂದು ಮಾಜಿ ಸೈನಿಕರಿಗೆ ಮೊದಲೇ ತಿಳಿಸಿ, ಅವರು ಬೇಡವೆಂದರೆ ಆ ದಿನಕ್ಕೆ ಬಿಟ್ಟುಬಿಡಿ. ಬೇಡವೆಂದವರು ನನಗೆ ಇಲ್ಲಿಯವರೆಗೆ ಸಿಕ್ಕಿರುವುದು ಕಡಿಮೆ. ಒಮ್ಮೆ ಆ ಮುಳ್ಳುತಂತಿಯ ಹಾಡನ್ನು ಗೆಳೆಯರು ಶೋಕಗೀತೆಯಂತೆ ಎಳೆದೆಳೆದು ಹಾಡಿ ಮುಗಿಸಿದಾಗ, ಪದಕಗಳನ್ನು ಧರಿಸಿ ಮುಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು ಕೋಲೂರಿಕೊಂಡು ನಮ್ಮತ್ತ ಬಂದರು. ಈಗ ಬೈಗುಳ ಖಂಡಿತ ಎಂದುಕೊಂಡೆ. ಅವರು ಕೋಲಿನ ತುದಿಯಿಂದ ನೆಲಕ್ಕೆ ಚುರುಕಾಗಿ ತಾಳ ಹಾಕಿ ತೋರಿಸಿ, ಇದು ನಡೆಯುವವರ ಹಾಡು, ನೀವು ಹಾಡಿದ ವೇಗಕ್ಕೆ ಕಾಲು ಮುಂದೆ ಹೋಗುವುದಿಲ್ಲ ಎಂದು ಹೇಳಿ ತಮ್ಮ ಕುರ್ಚಿಗೆ ಮರಳಿದರು.