ಕುವೈತಿಚ್ಚನ ಎರಡು ಉತ್ತರ

2025ರ ಜೂನ್ 23, ಸೋಮವಾರ ರಾತ್ರಿ ಇರಾನಿನ ಕ್ಷಿಪಣಿಗಳು ಕತಾರಿನಲ್ಲಿರುವ ಅಮೆರಿಕದ ಸೇನಾ ನೆಲೆ ಅಲ್ ಉದೈದ್‌ನತ್ತ ಹಾರಿದಾಗ ಕುಂಬಳೆಯಲ್ಲಿ ಸರಿಯಾಗಿ ನಿದ್ದೆ ಮಾಡಿದವರು ಕಡಿಮೆ. ನನ್ನ ಭಾವ ದೋಹಾದಲ್ಲಿ. ಅಕ್ಕ ಜಗಲಿಯಲ್ಲಿ ಕೂತು ವಾಟ್ಸಾಪಿನ ಬೂದು ಗೆರೆ ನೀಲಿಯಾಗುವುದನ್ನೇ ಕಾಯುತ್ತಿದ್ದಳು.

ಬೆಳಿಗ್ಗೆ ಹೋಟೆಲಿನ ಟೀವಿಯಲ್ಲಿ ಇರಾನ್-ಇಸ್ರೇಲ್ ಕದನವಿರಾಮದ ಸುದ್ದಿ. ಪಕ್ಕದ ಟೇಬಲಿನ ಹುಡುಗನಿಗೆ ಅದೇ ಬೇಸರ. "ಮಾತುಕತೆ ಎಲ್ಲ ಟೈಂಪಾಸ್ ಇಚ್ಚ, ಹೊಡೆದು ಮುಗಿಸಬೇಕಿತ್ತು." ಕತಾರ್ ವೀಸಾಕ್ಕೆ ಓಡಾಡುತ್ತಿರುವವನೂ ಇವನೇ! ಒಳ್ಳೆಯ ಹುಡುಗ, ಬುದ್ಧಿಯನ್ನು ಮಾತ್ರ ಮೊಬೈಲಿಗೆ ಒಪ್ಪಿಸಿಬಿಟ್ಟಿದ್ದಾನೆ.

ಹಿಂದೆ ಕುವೈತಿನಲ್ಲಿ ಕೆಲಸಕ್ಕಿದ್ದ ಕುವೈತಿಚ್ಚ (ಇಚ್ಚ ಎಂದರೆ ಅಣ್ಣ) ಗೋಳಿಬಜೆ ಮುರಿಯುತ್ತ ಹೇಳಿದರು, "1990ರಲ್ಲಿ ನಾನು ಊರಿಗೆ ಮುಟ್ಟಿದ್ದು ಮಾತಿನಿಂದ, ಮೋನೇ."

"ಮತ್ತೆ ವಾಪಸ್ ಕೆಲಸಕ್ಕೆ ಹೋದದ್ದು?"

"ಅದು ಬಾಂಬಿನಿಂದ." ತಾವೇ ನಕ್ಕರು.

ವಾರವಿಡೀ ಇದೇ ತಲೆಯಲ್ಲಿ. ಎರಡೂ ನಿಜವಲ್ಲ ಎನ್ನುವ ಹಾಗಿಲ್ಲ. 1990ರಲ್ಲಿ ಸದ್ದಾಂ ಹುಸೇನನ ಇರಾಕ್ ಕುವೈತಿಗೆ ನುಗ್ಗಿದಾಗ ನಮ್ಮ ವಿದೇಶಾಂಗ ಸಚಿವರಾಗಿದ್ದ ಗುಜ್ರಾಲ್ ಬಾಗ್ದಾದಿಗೆ ಹೋದರು, ಸದ್ದಾಂ ಅವರನ್ನು ತಬ್ಬಿಕೊಂಡ. ಆ ಫೋಟೋ ನೋಡಿ ಜಗತ್ತು ಆಡಿಕೊಂಡಿತು, ಕುವೈತಿಗಳಿಗಂತೂ ಸಿಟ್ಟು ಬಹಳ ಕಾಲ ಇಳಿಯಲಿಲ್ಲ. ಆದರೆ ಬಾಗ್ದಾದ್ ದಾಟಿ ಜೋರ್ಡಾನಿನ ಅಮ್ಮಾನಿಗೆ ಬಸ್ಸುಗಳು ಹೋದವು, ಅಲ್ಲಿಂದ ಐನೂರರ ಹತ್ತಿರ ವಿಮಾನಗಳು ಸುಮಾರು 1,70,000 ಭಾರತೀಯರನ್ನು ಕರೆತಂದವು. ತಬ್ಬಿದ್ದು ನೋಡಲು ಕೆಟ್ಟದಾಗಿತ್ತು, ಒಪ್ಪುತ್ತೇನೆ. ಆ ಬಸ್ಸಿನಲ್ಲಿ ಇಚ್ಚ ಇದ್ದರು.

ಕುವೈತನ್ನು ಬಿಡಿಸಿದ್ದು ಮಾತ್ರ ಸೈನ್ಯವೇ. 1991ರ ಜನವರಿಯಲ್ಲಿ ಜಿನೀವಾದಲ್ಲಿ ಅಮೆರಿಕದ ವಿದೇಶಾಂಗ ಸಚಿವ ಬೇಕರ್ ಕೊಟ್ಟ ಅಧ್ಯಕ್ಷ ಬುಷ್ ಪತ್ರವನ್ನು ಇರಾಕಿನ ವಿದೇಶಾಂಗ ಸಚಿವ ತಾರಿಕ್ ಅಜೀಜ್ ಓದಿ, ತೆಗೆದುಕೊಳ್ಳಲು ಒಪ್ಪದೆ ಮೇಜಿನ ಮೇಲೆಯೇ ಬಿಟ್ಟರು. ಪತ್ರವನ್ನೇ ಮುಟ್ಟಿಸಿಕೊಳ್ಳದವರ ಜೊತೆ ಇನ್ನೇನು ಮಾತಾಡುವುದು?

ಇರಾನಿನದು ಹಾಗಲ್ಲ, ಅದಕ್ಕೇ ನನಗೆ ಸಿಟ್ಟು. 2015ರ ಅಣು ಒಪ್ಪಂದದಲ್ಲಿ ಅದರ ಯುರೇನಿಯಂ ಸಂವರ್ಧನೆ (ಬಾಂಬಿನ ದಾರಿಯೂ ಅದೇ) 3.67 ಶೇಕಡಾಕ್ಕೆ ನಿಂತಿತ್ತು. 2018ರಲ್ಲಿ ಟ್ರಂಪ್ ಹೊರನಡೆದರು, ಆಮೇಲೆ ಇರಾನ್ 60 ಶೇಕಡಾಕ್ಕೆ ಏರಿಸಿತು. 2025ರಲ್ಲಿ ಒಮಾನ್ ನಡುವೆ ನಿಂತು ಅಮೆರಿಕ, ಇರಾನ್ ಎರಡನ್ನೂ ಮತ್ತೆ ಮಾತಿಗೆ ಕೂರಿಸಿತ್ತು. ಆರನೇ ಸುತ್ತು ಜೂನ್ 15ಕ್ಕೆ ಮಸ್ಕತ್‌ನಲ್ಲಿ ಇತ್ತು, 13ಕ್ಕೇ ಇಸ್ರೇಲಿನ ವಿಮಾನಗಳು ಇರಾನಿನ ಮೇಲೆ ಎರಗಿದವು. ಮಾತು ಸೋತಿತು ಎನ್ನುವವರು ಈ ಎರಡು ದಿನಗಳ ಅಂತರಕ್ಕೆ ಏನೆನ್ನುತ್ತಾರೋ. ಗಲ್ಫಿನ ಆಕಾಶ ಮುಚ್ಚಿದರೆ ಮಂಗಳೂರು ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ಹಿಡಿದು ಕಂಗಾಲಾಗುವವರು ನಮ್ಮವರೇ.

ಕುವೈತಿಗೆ ನುಗ್ಗಿದ್ದರ ಪರಿಹಾರವನ್ನು ಇರಾಕ್ ಎಣ್ಣೆಯ ದುಡ್ಡಿನಲ್ಲಿ ಕಟ್ಟುತ್ತಾ ಬಂದು ಮುಗಿಸಿದ್ದು 2022ರಲ್ಲಿ, 52 ಬಿಲಿಯನ್ ಡಾಲರಿಗೂ ಮೇಲೆ. ಸದ್ದಾಂ ಸತ್ತು ಎಷ್ಟೋ ವರ್ಷದ ಮೇಲೂ ಅಲ್ಲಿಯ ಜನ ಕಟ್ಟುತ್ತಲೇ ಇದ್ದರು. ಅದರಲ್ಲಿ ಇಚ್ಚನಿಗೂ ಒಂದಿಷ್ಟು ಬಂದಿತ್ತು, ಹಂಚು ತೆಗೆದು ತಾರಸಿ ಹಾಕಿಸಿದರಂತೆ.

ಇಷ್ಟೆಲ್ಲ ಕೇಳಿಸಿಕೊಂಡ ಹುಡುಗ ಕೇಳಿದ್ದು ಒಂದೇ: "ಎಷ್ಟು ಸಿಕ್ಕಿತು ಇಚ್ಚ?"